ಜೊತೇಲಿಟ್ಟು ನೋಡು

ನಾನು ಕಾರ್ಖಾನೆಗೆ ಸೇರಿದ ದಿನ ಅವರು ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಮೇಲಿಂದ ಕೆಳಗೆ ಒಂದು ಸಲ ನೋಡಿ, "ಟಾಪು ಒಂದ್ ಲಾಟಿಂದು, ವೇಲು ಇನ್ನೊಂದ್ ಲಾಟಿಂದು. ಅಂಗಡಿಯೋನು ಸೆಟ್ಟು ಅಂತ ಏಳಿ ಕಟ್ಬುಟ್ಟವ್ನೆ" ಎಂದರು. ಅಷ್ಟು ಹೇಳಿ ತಮ್ಮ ಕೆಲಸಕ್ಕೆ ತಿರುಗಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಮೊದಲ ಕೆಲಸ ಎಂದು ಅಮ್ಮ ಮಾಗಡಿಯ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಡಿಸಿದ್ದ ಬಟ್ಟೆ ಅದು. ಈ ಮುದುಕನಿಗೆ ಯಾಕೆ ಬೇಕಿತ್ತು ನನ್ನ ವೇಲಿನ ಉಸಾಬರಿ ಎಂದು ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಬೈದುಕೊಂಡೆ. ಮಾರನೇ ದಿನ ಬೆಳಿಗ್ಗೆ ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದರೆ, ಟಾಪು ಬದನೆಕಾಯಿ ಬಣ್ಣ, ವೇಲು ನೇರಳೆಹಣ್ಣಿನ ಬಣ್ಣ. ಅಲ್ಲಿಗೆ ಆ ಸೆಟ್ಟಿನ ಕಥೆ ಮುಗಿಯಿತು. ಆಮೇಲೆ ಅದನ್ನು ಒಂದು ದಿನವೂ ನೆಮ್ಮದಿಯಾಗಿ ಹಾಕಿಕೊಳ್ಳಲು ಆಗಲಿಲ್ಲ.

ಅವರು ತೀರಿಕೊಂಡು ಕಳೆದ ವಾರಕ್ಕೆ ವರ್ಷವಾಯಿತು. ವರ್ಷದ ಕಾರ್ಯಕ್ಕೆ ಚನ್ನಪಟ್ಟಣದ ಅವರ ಮನೆಗೆ ಹೋಗಿದ್ದೆ. ಬಂದಾಗಿನಿಂದ ಬರೆದುಬಿಡಬೇಕು ಅನ್ನಿಸುತ್ತಿದೆ. "ಹೆಸರು ಗಿಸರು ಬ್ಯಾಡ ಕಣವ್ವ" ಎಂದು ಅವರ ಹೆಂಡತಿ ಹೇಳಿದ್ದರಿಂದ ಹೆಸರಿಲ್ಲದೆ ಬರೆಯುತ್ತೇನೆ. ಕಾರ್ಖಾನೆಯಲ್ಲೂ ಅವರನ್ನು ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ. ನಮಗೆಲ್ಲ ಅವರು ಅಣ್ಣ. ಅವರ ಮಗನ ವಯಸ್ಸಿನ ಕ್ವಾಲಿಟಿ ಇನ್‌ಚಾರ್ಜ್‌ಗೂ ಅಣ್ಣನೇ.

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕಾರಿನ ಕಾರ್ಖಾನೆಗಳ ಹಿಂದೆ ನಮ್ಮದೊಂದು ಸಣ್ಣ ಕಟ್ಟಡ. ಎರಡು ಕೈಯಲ್ಲಿ ಹಿಡಿದುಕೊಂಡು ಆಡುವ ವಿಡಿಯೋ ಗೇಮ್ ಸೆಟ್ಟನ್ನು ಅಲ್ಲಿ ಜೋಡಿಸಿ ಹೊರದೇಶಕ್ಕೆ ಕಳಿಸುತ್ತೇವೆ. ಅದರ ಪರದೆ ಇಬ್ಬರು ಸಪ್ಲೈಯರುಗಳಿಂದ ಬರುತ್ತದೆ. ಒಬ್ಬನನ್ನೇ ನಂಬಿಕೊಂಡರೆ ಅವನು ಕೈಕೊಟ್ಟ ದಿನ ಜೋಡಿಸುವ ಲೈನು ನಿಂತುಹೋಗುತ್ತದೆ ಎಂದು ಕಂಪನಿಯವರ ಲೆಕ್ಕ. ಅಳತೆ ಒಂದೇ, ಕಾಗದದ ಮೇಲೆ ಗುಣವೂ ಒಂದೇ. ಹೊತ್ತಿಸಿ ನೋಡಿದಾಗ ಮಾತ್ರ ಒಬ್ಬರದು ಸ್ವಲ್ಪ ಹಳದಿಗೆ ವಾಲುತ್ತದೆ, ಇನ್ನೊಬ್ಬರದು ಸ್ವಲ್ಪ ನೀಲಿಗೆ. ಕೊಂಡುಕೊಂಡವರು ಸ್ನೇಹಿತರ ಸೆಟ್ಟಿನ ಪಕ್ಕ ತಮ್ಮದನ್ನಿಟ್ಟು ನೋಡಿ, ಅವನಿಗೆ ಬಿಳಿ ನನಗೆ ಹಳದಿ, ಇದೇನು ಲಾಟರಿಯಾ ಎಂದು ಕಂಪನಿಗೆ ಬೈದು ಬರೆಯತೊಡಗಿದರು. ಒಂದೊಂದು ದೇಶಕ್ಕೆ ಒಂದೊಂದೇ ಬಗೆ ಹೋಗಲಿ ಎಂದು, ಬಂದ ಪರದೆಗಳನ್ನು ನೋಡಿ ಬೇರ್ಪಡಿಸಲು ಒಂದು ಮೇಜು ಹಾಕಿದರು. ಡಬ್ಬದ ಮೇಲೆ ಸಪ್ಲೈಯರ್ ಹೆಸರು ಇರುತ್ತಿತ್ತು ನಿಜ, ಆದರೆ ಒಬ್ಬರದೇ ಮಾಲಿನಲ್ಲೂ ಲಾಟಿನಿಂದ ಲಾಟಿಗೆ ಬಣ್ಣ ಅತ್ತಿತ್ತ ಸರಿಯುತ್ತಿತ್ತು. ಆ ಮೇಜಿಗೆ ಅಣ್ಣನೇ ಹಿರಿಯರು. ನಾನು ಮತ್ತು ಮಂಜುಳ ಅವರ ಎಡಬಲ ಕೂರುತ್ತಿದ್ದೆವು.

ಸಪ್ಲೈಯರುಗಳಿಗೆ ಉದ್ದುದ್ದ ಹೆಸರಿದ್ದವು. ಅಣ್ಣ ಆ ಹೆಸರುಗಳನ್ನು ಬಾಯಿಗೆ ತೆಗೆದುಕೊಂಡವರಲ್ಲ. ಹಳದಿಯದು ಹೆಣ್ಣಿನ ಕಡೆ, ಅರಿಶಿನ ಹಚ್ಚಿಕೊಂಡು ಬಂದವರು. ನೀಲಿಯದು ಗಂಡಿನ ಕಡೆ, ಪಂಚೆಗೆ ನೀಲಿ ಹಾಕಿ ಒಗೆಸಿಕೊಂಡು ಬಂದವರು. "ಇವತ್ತು ಎಣ್ಣಿನ ಕಡೆಯೋರು ಬಂದವ್ರಾ?" ಎಂದು ಕೇಳಿಕೊಂಡೇ ಕೆಲಸಕ್ಕೆ ಕೂರುತ್ತಿದ್ದರು. ಸ್ಟೋರಿನವರೂ ಹಾಗೇ ಕರೆಯಲು ಶುರುಮಾಡಿದರು. ಒಂದು ಸಲ ನಮ್ಮ ಇನ್‌ಚಾರ್ಜ್ ಬೆಂಗಳೂರಿನ ದೊಡ್ಡ ಸಾಹೇಬರ ಜೊತೆ ಫೋನಿನಲ್ಲಿ ಮಾತಾಡುತ್ತಾ, "ಗಂಡಿನ ಕಡೆ ಲಾಟ್ ಇನ್ನೂ ಬಂದಿಲ್ಲ ಸಾರ್" ಎಂದುಬಿಟ್ಟರು. ಆ ಕಡೆಯಿಂದ ಯಾವ ಮದುವೆ ಎಂದು ಕೇಳಿದರಂತೆ.

ಕೆಲಸ ಹೀಗೆ. ಪರದೆಯನ್ನು ಹೊತ್ತಿಸಿದರೆ ಕೆಂಪು, ಹಸಿರು, ನೀಲಿ, ಕಪ್ಪು ಒಂದಾದ ಮೇಲೊಂದು ಬಂದು ಕೊನೆಗೆ ಬಿಳಿ ಬಂದು ನಿಲ್ಲುತ್ತದೆ. ಮೊದಲ ನಾಲ್ಕಕ್ಕೆ ಅವರು ತಲೆಯನ್ನೇ ಎತ್ತುತ್ತಿರಲಿಲ್ಲ. ಬಿಳಿ ಬಂದಾಗ, ಕಪ್ಪು ಬಟ್ಟೆಯ ಚೀಲದಿಂದ ಕಂಪನಿ ಕೊಟ್ಟಿದ್ದ ಮಾದರಿ ಪರದೆಯನ್ನು ತೆಗೆದು ಪಕ್ಕಕ್ಕಿಟ್ಟು ನೋಡುತ್ತಿದ್ದರು. ದೇವರ ಪೆಟ್ಟಿಗೆಯಿಂದ ಲಿಂಗ ತೆಗೆದಷ್ಟು ಜೋಪಾನ. ನಾನು ಹೊಸದರಲ್ಲಿ ಬರಿಯ ಪರದೆ ನೋಡಿ, "ಬೆಳ್ಳಗಿದೆ ಅಣ್ಣ" ಎಂದರೆ ಗದರುತ್ತಿದ್ದರು. "ಒಂಟಿಯಾಗ್ ನೋಡುದ್ರೆ ಎಲ್ಲಾ ಬೆಳ್ಳಗೇ ಕಣವ್ವ. ಜೊತೇಲಿಟ್ಟು ನೋಡು." ಈ ಮಾತನ್ನು ಅವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಶಿವನೇ ಬಲ್ಲ. ಟೀ ಸಪ್ಪಗಿದೆ ಎಂದರೂ ಅದೇ, ಮಂಜುಳನಿಗೆ ಎರಡು ಗಂಡು ಬಂದಾಗಲೂ ಅದೇ.

ಅವರ ಅಪ್ಪ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದವರು. ಜೋಡಿ ಬೊಂಬೆಗೆ ಬಣ್ಣ ಕೊಡುವಾಗ ಎರಡಕ್ಕೂ ಒಂದೇ ಅರಗಿನ ಕಡ್ಡಿ ಒತ್ತಬೇಕು, ಕಡ್ಡಿ ಮುಗಿದುಹೋದರೆ ಎರಡನ್ನೂ ಕೆರೆದು ಮೊದಲಿಂದ ಬಣ್ಣ ಕೊಡಬೇಕು ಎನ್ನುವುದು ಅಪ್ಪನ ಕಟ್ಟಳೆ. ಬೇರೆ ಕಡ್ಡಿಯ ಬಣ್ಣ ಹತ್ತಿದ ಗಂಡ ಹೆಂಡಿರ ಬೊಂಬೆ ಮನೆಗೆ ಬಂದರೆ ಆ ಮನೆಯಲ್ಲಿ ಜಗಳ ಬಿಡುವುದಿಲ್ಲವಂತೆ. ಇವರು ಹುಡುಗನಾಗಿದ್ದಾಗ ಕಡ್ಡಿ ಉಳಿಸಲು ಹೋಗಿ ರಾಜ ರಾಣಿ ಜೋಡಿಯ ರಾಣಿಗೆ ಬೇರೆ ಕೆಂಪು ಹಾಕಿದ್ದಕ್ಕೆ ಅಪ್ಪ ಅದೇ ರಾಣಿಯಿಂದ ತಲೆಗೆ ಕುಟ್ಟಿದ್ದರು. ಆ ಗಾಯದ ಕಲೆ ಹಣೆಯ ವಿಭೂತಿಯ ಮೇಲ್ಗಡೆ ಕಾಣುತ್ತಿತ್ತು. ಬೊಂಬೆ ಕಡೆಯುವ ಲೇತು ಒಡಹುಟ್ಟಿದ ಅಣ್ಣನ ಪಾಲಿಗೆ ಹೋದ ಮೇಲೆ ಇವರು ಟೀವಿ ಜೋಡಿಸುವ ಕಾರ್ಖಾನೆಯೊಂದಕ್ಕೆ ಸೇರಿ, ಅದು ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಐವತ್ತು ದಾಟಿದವರನ್ನು ಯಾರೂ ತೆಗೆದುಕೊಳ್ಳದ ಕಾಲದಲ್ಲಿ ಕಣ್ಣಿನ ದೆಸೆಯಿಂದ ಸಿಕ್ಕ ಕೆಲಸ ಅದು. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಒಳ್ಳೆಯವರು ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿ ಬಲು ಕೆಟ್ಟದ್ದು. ಮಂಜುಳನನ್ನು ಎರಡು ಸಲ ಅಳಿಸಿದ್ದರು. ಮಾದರಿ ಪರದೆಯನ್ನು ಬರಿಗೈಯಲ್ಲಿ ಮುಟ್ಟಿದಳು ಎಂದು ಒಂದು ಸಲ, ಅತ್ತ ಕಣ್ಣಿನಲ್ಲಿ ಪರದೆ ನೋಡಿದಳು ಎಂದು ಇನ್ನೊಂದು ಸಲ. "ಅಳೋದಾದ್ರೆ ಅತ್ಕೊಂಡ್ ಬಾ ಓಗು, ನೀರ್ ತುಂಬಿರೋ ಕಣ್ಣಿಗೆ ಬಿಳಿ ನೆಟ್ಟಗ್ ಕಾಣಾಕಿಲ್ಲ." ಯಾರನ್ನೂ ಹೊಗಳಿದವರಲ್ಲ. ನನ್ನ ತಂಗಿಯ ಮದುವೆಗೆ ಮಾಗಡಿಗೆ ಬಂದರು. ಉಡುಗೊರೆ ಕೊಡುವುದಕ್ಕೂ ಮೊದಲು ಮಂಟಪದ ಮೇಲೆ ಹತ್ತಿ, "ಎಡಗಡೆ ಲೈಟು ಬ್ಯಾರೆ, ಬಲಗಡೆ ಲೈಟು ಬ್ಯಾರೆ, ಮದ್ವೆ ಎಣ್ಣಿಗೆ ಅರ್ಧ ಮುಖ ಜ್ವರ ಬಂದಂಗೈತೆ" ಎಂದು ಲೈಟಿನವನನ್ನು ಹಿಡಿದುಕೊಂಡರು. ಮುಹೂರ್ತಕ್ಕೆ ಹೊತ್ತಾಗುತ್ತಿದ್ದರೂ ಬಿಡದೆ ಲೈಟು ಬದಲು ಮಾಡಿಸಿದರು. ನಮ್ಮ ಚಿಕ್ಕಪ್ಪ, ಇವನ್ಯಾವನಲಾ ಎಂದು ಜಗಳಕ್ಕೇ ಹೋಗಿದ್ದ. ಈಗ ಆಲ್ಬಂ ತೆರೆದಾಗಲೆಲ್ಲ ತಂಗಿಯ ಮುಖ ಎರಡೂ ಕಡೆ ಒಂದೇ ಬಣ್ಣಕ್ಕಿದೆ. ಅವರ ನೆನಪಿಗೆಂದು ನಾನು ನೋಡುವುದು ಆ ಫೋಟೋಗಳನ್ನೇ.

ಊಟದಲ್ಲೂ ಅಷ್ಟೇ ಕಟ್ಟುನಿಟ್ಟು. ಕ್ಯಾಂಟೀನಿನಲ್ಲಿ ಅವರಿಗೆ ಎರಡು ಮುದ್ದೆ, ಮೇಲೆ ಬಸ್ಸಾರು. ಮಾತಾಡದೆ, ಫೋನ್ ನೋಡದೆ, ತಟ್ಟೆಯನ್ನು ತೊಳೆದಂತೆ ಮಾಡಿ ಏಳುತ್ತಿದ್ದರು. ಬಿಟ್ಟು ಎದ್ದದ್ದನ್ನು ನಾನು ನೋಡಿರಲಿಲ್ಲ.

ಬೆಳಗಿನ ಟೀ ಹೊತ್ತಿಗೆ ಒಂದು ಸಣ್ಣ ಬಿಳಿ ಮಾತ್ರೆ ನುಂಗುತ್ತಿದ್ದರು. ಎದೆಬಡಿತ ಹದ ತಪ್ಪಿದ್ದಕ್ಕೆ ಡಾಕ್ಟರು ಕೊಟ್ಟದ್ದು. ಮುಚ್ಚುಮರೆ ಏನೂ ಇರಲಿಲ್ಲ, ನಮ್ಮೆದುರಿಗೇ ನುಂಗಿ ಸ್ಟೀಲ್ ಬಾಟಲಿಯಿಂದ ನೀರು ಕುಡಿಯುತ್ತಿದ್ದರು. ನಮ್ಮ ಕಾರ್ಖಾನೆಯಲ್ಲಿ ವಾರದ ರಜೆ ಒಬ್ಬೊಬ್ಬರಿಗೆ ಒಂದೊಂದು ದಿನ. ಲೈನು ನಿಲ್ಲಬಾರದಲ್ಲ. ಹಾಗಾಗಿ ಪಂಚಾಂಗದ ಭಾನುವಾರಕ್ಕೂ ನಮಗೂ ಸಂಬಂಧವಿಲ್ಲ. ಮಂಜುಳನಿಗೆ ಬುಧವಾರವೇ ಭಾನುವಾರ, ನನಗೆ ಶುಕ್ರವಾರವೇ ಭಾನುವಾರ. ಎಣ್ಣೆ ಸ್ನಾನ, ಕೋಳಿ ಸಾರು, ನೆಂಟರ ಮನೆ ಎಲ್ಲಾ ಆ ದಿನಕ್ಕೇ. ಅವರಿಗೆ ಮಂಗಳವಾರ. ಒಂದು ದಿನ ಮಾತ್ರೆ ನುಂಗುತ್ತಾ ಅವರೇ ಹೇಳಿದರು:

"ಶನಿವಾರ ಭಾನುವಾರ ನುಂಗ್‌ಬ್ಯಾಡ ಅಂದವ್ರೆ ಡಾಕ್ಟ್ರು. ಅವ್ರಿಗೇನವ್ವ, ಶನಿವಾರ ಭಾನುವಾರ ಮನೇಲಿ ಮಲ್ಕೋತಾರೆ. ನಾವು ಆ ಎಲ್ಡು ದಿನಾನೂ ಇಲ್ಲಿ ಕುಂತಿರ್ತೀವಲ್ಲ, ಕೆಲ್ಸದ ದಿನ ಎದೆಗೆ ಒಸಿ ಬಲ ಬ್ಯಾಡ್ವಾ? ನಂಗ್ ರಜಾ ಬಿದ್ದ ದಿನ ಬುಡ್ತೀನಿ. ಮಲ್ಗಿರೋನ್ ಎದೆ ಎಂಗೋ ಬಡ್ಕೋತದೆ."

ನಾವು ನಕ್ಕೆವು. ಸರಿಯಾಗಿಯೇ ಹೇಳುತ್ತಿದ್ದಾರೆ ಎಂದು ನಾನೂ ಅಂದುಕೊಂಡೆ. ಆ ಕಾರ್ಖಾನೆಯ ಯಾರನ್ನು ಕೇಳಿದ್ದರೂ ಹಾಗೇ ಅನ್ನುತ್ತಿದ್ದರು. ರಜೆ ಅಂದರೆ ನಮ್ಮ ರಜೆ, ಬೇರೆಯವರ ಭಾನುವಾರ ಕಟ್ಟಿಕೊಂಡು ನಮಗೇನು ಆಗಬೇಕು?

ಹೋದ ವರ್ಷ ದಸರಾ ಹೊತ್ತಿಗೆ ಆರ್ಡರು ಮೈಮೇಲೆ ಬಂತು. ಹೊರದೇಶದವರಿಗೆ ಡಿಸೆಂಬರಿನ ಹಬ್ಬಕ್ಕೆ ಮಾಲು ಮುಟ್ಟಬೇಕು. ಎಲ್ಲರ ವಾರದ ರಜೆಯನ್ನೂ ನಿಲ್ಲಿಸಿದರು, ಆಮೇಲೆ ಸೇರಿಸಿ ಕೊಡುತ್ತೇವೆ ಎಂದರು. ಆಯುಧಪೂಜೆಯ ದಿನವೂ ಮಧ್ಯಾಹ್ನದವರೆಗೆ ಕೆಲಸ. ಅವರು ಮೇಜಿಗೆ ಅರಿಶಿನ ಕುಂಕುಮ ಇಟ್ಟು, ಮಾದರಿ ಪರದೆಯ ಚೀಲಕ್ಕೆ ಒಂದು ಸೇವಂತಿಗೆ ಸಿಕ್ಕಿಸಿ, ಮಾತ್ರೆ ನುಂಗಿ ಕೂತರು. ಮಂಗಳವಾರಗಳು ಬಂದು ಹೋದವು, ಅವರು ಮೇಜು ಬಿಟ್ಟು ಏಳಲಿಲ್ಲ. ಡಾಕ್ಟರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗಿ ಎಂದಿದ್ದರಂತೆ. ರಜೆ ಸಿಕ್ಕಲಿ ಹೋಗುತ್ತೇನೆ ಎಂದು ಅದನ್ನೂ ಮುಂದೆ ಹಾಕಿದರು.

ಮೊದಲು ನಿಂತದ್ದು ಊಟ. ಒಂದು ಮುದ್ದೆಗೆ ಇಳಿದರು, ಆಮೇಲೆ ಅರ್ಧಕ್ಕೆ. ಬಾಯಿಗೆ ರುಚಿಯಿಲ್ಲ, ವಾಕರಿಕೆ ಎನ್ನುತ್ತಿದ್ದರು. ಕ್ಯಾಂಟೀನಿನವನು ಬದಲಾಗಿದ್ದ, ಅವನ ಕೈಗುಣ ಎಂದು ನಾವೆಲ್ಲ ಅವನನ್ನೇ ದೂರಿದೆವು.

ಆಮೇಲೆ ಒಂದು ಬೆಳಿಗ್ಗೆ ಗಂಡಿನ ಕಡೆಯ ಡಬ್ಬ ಒಡೆದು, ಮೊದಲ ಪರದೆಯ ಬಿಳಿಯನ್ನು ಬಹಳ ಹೊತ್ತು ನೋಡಿದರು. "ಇದ್ಯಾಕವ್ವ ಹಳ್ದಿ ಬಂದೈತೆ?" ಎಂದರು. ಎರಡನೆಯದೂ ಹಳದಿ, ಹತ್ತನೆಯದೂ ಹಳದಿ. ಇಡೀ ಡಬ್ಬವನ್ನು ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಟ್ಟರು. ಗಂಡಿನ ಕಡೆಯವರು ಹೆಣ್ಣಿನ ಕಡೆಯ ಮಾಲನ್ನು ತಮ್ಮ ಡಬ್ಬಕ್ಕೆ ತುಂಬಿ ಸಾಗಹಾಕುತ್ತಿದ್ದಾರೆ, ರಶ್ಶಿನಲ್ಲಿ ಯಾರು ನೋಡುತ್ತಾರೆ ಎನ್ನುವ ಧೈರ್ಯ ಎಂದು ಕೂಗಾಡಿದರು. ನಾವು ನಂಬಿದೆವು. ಹಿಂದಿನ ವರ್ಷ ಒಂದು ಸಲ ನಿಜವಾಗಿ ಹೀಗೇ ಆಗಿತ್ತು, ಲಾಟು ಅದಲುಬದಲಾಗಿತ್ತು, ಹಿಡಿದವರು ಅವರೇ. ಅನುಮಾನ ಬಂದಾಗ ಮಾತ್ರ ಹೊರತೆಗೆಯುತ್ತಿದ್ದ ಬಣ್ಣ ಅಳೆಯುವ ಮೀಟರು ಈ ಸಲ ಎಲ್ಲಾ ಸರಿಯಿದೆ ಎಂದು ತೋರಿಸುತ್ತಿತ್ತು. "ಮೀಟ್ರು ಕೆಟ್ಟೈತೆ" ಎಂದರು. ಮಾದರಿ ಪರದೆಯ ಜೊತೆ ಇಟ್ಟರೆ ಎರಡೂ ಒಂದೇ ಥರ ಕಾಣುತ್ತಲ್ಲ ಅಣ್ಣ ಎಂದು ಇನ್‌ಚಾರ್ಜ್ ಕೇಳಿದರು. "ಮಾದ್ರಿನೂ ಅಳೇದಾಗಿ ಹಳ್ದಿಗ್ ತಿರುಗೈತೆ ಸಾರ್, ಒಸ್ದು ತರ್ಸಿ" ಎಂದರು. ಎಲ್ಲದಕ್ಕೂ ಅವರಲ್ಲಿ ಉತ್ತರವಿತ್ತು.

ಮಂಜುಳ ತನಗೂ ಸ್ವಲ್ಪ ಹಳದಿ ಕಾಣುತ್ತಿದೆ ಎಂದಳು. ಅವಳಿಗೆ ಅವರ ಬಾಯಿಯ ಹೆದರಿಕೆ ಎಂದುಕೊಂಡಿದ್ದೆ. ಆದರೆ ಅವಳು ಆಣೆ ಹಾಕಿ ಹೇಳುತ್ತಿದ್ದಳು. ಎರಡು ದಿನ ಅವರ ಪಕ್ಕ ಕೂತು, ಹಳದಿ ಹಳದಿ ಎಂದು ಕೇಳಿ ಕೇಳಿ ನನಗೂ ಅನುಮಾನ ಬಂತು. ಕಣ್ಣು ಉಜ್ಜಿಕೊಂಡು ನೋಡುತ್ತಿದ್ದೆ. ಬೆಳ್ಳಗೇ ಇರುತ್ತಿತ್ತು. ನನಗೆ ಇನ್ನೂ ಕಣ್ಣು ಪಳಗಿಲ್ಲ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

ಕೆಂಪು ಚೀಟಿಯ ಡಬ್ಬಗಳು ಗೋಡೆಯುದ್ದಕ್ಕೂ ಏರಿ, ಲೈನಿಗೆ ಪರದೆ ಸಾಲದೆ ಬಂತು. ಲೈನಿನವರಿಗೆ ಸಿಟ್ಟು. ಒಬ್ಬ ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವಂತೆ, "ಕಾಮಾಲೆ ಕಣ್ಣಿಗೆ ಲೋಕವೆಲ್ಲಾ ಹಳ್ದಿಯಂತೆ ಕಣ್ರಲಾ" ಎಂದ. ಇಡೀ ಸಾಲು ನಕ್ಕಿತು. ಅವರು ತಟ್ಟೆ ಬಿಟ್ಟು ಎದ್ದು ಸೀದಾ ಕಂಪನಿಯ ಫಸ್ಟ್ ಏಡ್ ಕೋಣೆಗೆ ಹೋದರು. ಅಲ್ಲಿನ ನರ್ಸು ಕಣ್ಣಿನ ರೆಪ್ಪೆ ಇಳಿಸಿ ನೋಡಿದಳು, ಉಗುರು ಒತ್ತಿ ನೋಡಿದಳು, ಕಾಮಾಲೆ ಇಲ್ಲ ಎಂದಳು. ವಾಪಸು ಬಂದು ನಮ್ಮ ಮುಂದೆ ಎರಡು ಕಣ್ಣನ್ನೂ ಬೆರಳಿಂದ ಅಗಲಿಸಿ ತೋರಿಸಿದರು.

"ನೋಡ್ಕೊಳ್ರಮ್ಮ. ಬೆಳ್ಳಗೈತಾ ಇಲ್ವಾ?"

ಬೆಳ್ಳಗೇ ಇತ್ತು. ಹಾಲಿನಂತೆ ಬೆಳ್ಳಗಿತ್ತು. ಅಲ್ಲಿಗೆ ತಪ್ಪು ಪರದೆಯದೇ ಎಂದು ಖಾತ್ರಿಯಾಯಿತು. ಆ ಗಾದೆ ಹೇಳಿದವನೂ ಬಂದು ತಪ್ಪಾಯ್ತಣ್ಣ ಎಂದ.

ಗಂಡಿನ ಕಡೆಯವರು ಸುಮ್ಮನಿರಲಿಲ್ಲ. ನಮ್ಮ ಮಾಲಿಗೆ ಕಳಂಕ ಹಚ್ಚುತ್ತಿದ್ದೀರಿ ಎಂದು ಹಟ ಹಿಡಿದು ಚೆನ್ನೈಯಿಂದ ತಮ್ಮ ಇಂಜಿನಿಯರನ್ನೂ ಅವರದೇ ಮೀಟರನ್ನೂ ಕಳಿಸಿದರು. ಅವನು ಬರುವ ಹಿಂದಿನ ದಿನ ಇನ್‌ಚಾರ್ಜ್ ಅಣ್ಣನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದ್ದು ನಮಗೂ ಕೇಳಿಸಿತು. "ಅಣ್ಣ, ಮಾಲು ಸರಿ ಐತೆ ಅಂತ ಆದ್ರೆ ಮೇಲಿನೋರು ನಿಮ್ಮನ್ನ ಈ ಟೇಬಲ್ ಮ್ಯಾಲೆ ಬುಡಲ್ಲ. ಈಗ್ಲೂ ಹೇಳಿ, ಒಂದಷ್ಟು ಡಬ್ಬದ ಕೆಂಪು ಚೀಟಿ ವಾಪಸ್ ತಗೊಳಾನಾ?"

"ಬಿಳಿ ಅಂತ ಆದ್ರೆ ನಾನೇ ಕೂರಾಕಿಲ್ಲ ಬುಡಿ ಸಾರ್. ಕಣ್ಣಿಲ್ದೆ ನಂಗೇನ್ ಕೆಲ್ಸ ಇಲ್ಲಿ" ಎಂದರು. ಆ ವಯಸ್ಸಿಗೆ ಪ್ಯಾಕಿಂಗಿಗೆ ಹೋಗಿ ಡಬ್ಬ ಹೊರುವ ಎದೆ ಅವರದಲ್ಲ. ಈ ಮೇಜು ಹೋದರೆ ಕೆಲಸವೇ ಹೋದ ಹಾಗೆ ಎಂದು ನಮಗೆಲ್ಲ ಗೊತ್ತಿತ್ತು. ಅವತ್ತು ಸಂಜೆ ಬಸ್ಸು ಹತ್ತುವಾಗ ಅವರ ಕಾಲು ಮೆಟ್ಟಿಲಿಗೆ ಎಟುಕಲಿಲ್ಲ. ಮಂಜುಳ ರಟ್ಟೆ ಹಿಡಿದು ಹತ್ತಿಸಿದಳು.

ಚೆನ್ನೈನಿಂದ ಬಂದವನು ಸಣ್ಣ ಪ್ರಾಯದವನು, ಮರ್ಯಾದಸ್ಥ. ಅವರನ್ನು ಕೂರಿಸಿಕೊಂಡೇ ಕೆಂಪು ಚೀಟಿಯ ಡಬ್ಬಗಳಲ್ಲಿ ಅವರೇ ಬೊಟ್ಟು ಮಾಡಿದ್ದನ್ನು ತೆಗೆಸಿ ಹೊತ್ತಿಸಿದ. ಹೊಸ ಮಾದರಿ ಪರದೆಯನ್ನೂ ತಂದಿದ್ದ, ಮುದ್ರೆ ಒಡೆಯದ್ದು. ಬಿಳಿ ಬಂತು. ಎರಡೂ ಮೀಟರು ಒಂದೇ ಮಾತು ಹೇಳಿದವು.

"ಹಳ್ದಿ" ಎಂದರು ಅವರು. ಇಂಜಿನಿಯರು ಹೊಸ ಮಾದರಿಯನ್ನು ಅವರ ಕೈಗೆ ಕೊಟ್ಟ. ನೋಡಿದರು. "ಇದೂ ಹಳ್ದಿ" ಎಂದರು. ದನಿ ಇಳಿದಿತ್ತು.

ಇನ್‌ಚಾರ್ಜ್ ಮಂಜುಳನನ್ನು ಕೇಳಿದರು. "ಒಸಿ ಹಳ್ದಿ ಇದ್ದಂಗೈತೆ ಸಾರ್" ಎಂದು ತಲೆ ತಗ್ಗಿಸಿದಳು. ಆಮೇಲೆ ನನ್ನ ಕಡೆ ತಿರುಗಿದರು. ಹಳದಿ ಎಂದರೆ ಅವರ ಮೇಜು ಉಳಿಯುತ್ತದೋ ಏನೋ, ಆದರೆ ಬಿಳಿಯನ್ನು ನೋಡಲು ಕಲಿಸಿದವರ ಎದುರು ಕೂತು ಬಿಳಿಯನ್ನು ಹಳದಿ ಎಂದು ಹೇಗೆ ಹೇಳಲಿ?

"ನಂಗೆ ಬೆಳ್ಳಗೇ ಕಾಣ್ತೈತೆ ಸಾರ್."

"ಸರ್ಯಾಗ್ ನೋಡವ್ವ" ಎಂದರು ಅವರು. "ಜೊತೇಲಿಟ್ಟು ನೋಡು."

"ಜೊತೇಲಿಟ್ಟೇ ನೋಡ್ದೆ ಅಣ್ಣ. ಎಲ್ಡೂ ಬೆಳ್ಳಗವೆ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನನ್ನನ್ನೇ ನೋಡಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ದಾರಿ ತಪ್ಪಿದವರ ಗಾಬರಿ ಇತ್ತು. "ಅಂಗಾದ್ರೆ ನನ್ ಕಣ್ಣಿಗೇನಾಗೈತವ್ವ?" ಎಂದು ಕೇಳಿದರು. ಕೈಗವಸು ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟರು. ಮುಖ ತೊಳೆದುಕೊಂಡು ಬಂದು ಇನ್ನೊಂದು ಸಲ ನೋಡುತ್ತೇನೆ ಎಂದು ಎದ್ದು ನಲ್ಲಿಯ ಕಡೆ ನಡೆದರು. ನಲ್ಲಿ ಮುಟ್ಟಲಿಲ್ಲ. ಕೆಂಪು ಚೀಟಿಯ ಡಬ್ಬಗಳ ಮೇಲೆ ಕೈಯೂರಿ ಅಲ್ಲೇ ಕುಸಿದರು.

ಕಂಪನಿಯ ಗಾಡಿಯಲ್ಲಿ ರಾಮನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎದೆಬಡಿತ ಒಂದು ಹದಕ್ಕೆ ಬರುತ್ತಲೇ ಇರಲಿಲ್ಲ. ಚನ್ನಪಟ್ಟಣದಿಂದ ಅವರ ಹೆಂಡತಿ, ನಾವು ಅಕ್ಕ ಎಂದು ಕರೆಯುವವರು, ಮನೆಯಲ್ಲಿ ಉಳಿದಿದ್ದ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. ಅಲ್ಲಿದ್ದ ಡಾಕ್ಟರಮ್ಮ ಪಟ್ಟಿಯನ್ನು ನೋಡಿ, ವಾರದಲ್ಲಿ ಎಷ್ಟು ದಿನ ನುಂಗುತ್ತಿದ್ದರು ಎಂದು ಕೇಳಿದರು. ಅಕ್ಕನಿಗೆ ಗೊತ್ತಿರಲಿಲ್ಲ, ಅವರು ನುಂಗುತ್ತಿದ್ದದ್ದು ಕಾರ್ಖಾನೆಯಲ್ಲಿ. ನಾನು ಹೇಳಿದೆ. ಕೆಲಸದ ದಿನ ನುಂಗುತ್ತಿದ್ದರು, ದಸರಾದಿಂದ ಈಚೆಗೆ ನಮಗೆ ರಜೆಯೇ ಇಲ್ಲ ಎಂದೆ. ಡಾಕ್ಟರಮ್ಮ ಪಟ್ಟಿಯನ್ನು ಕೆಳಗಿಟ್ಟು ಇನ್ನೊಂದು ಪ್ರಶ್ನೆ ಕೇಳಿದರು.

"ಎಲ್ಲಾ ಹಳದಿ ಕಾಣ್ತಾ ಇದೆ ಅಂತ ಏನಾದ್ರೂ ಹೇಳ್ತಿದ್ರಾ?"

ನಾನು ಇನ್‌ಚಾರ್ಜ್ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಡೀ ಕಾರ್ಖಾನೆಗೆ ಗೊತ್ತಿದ್ದ ಮಾತು ಅದು. ಸ್ಟೋರಿಗೆ ಗೊತ್ತಿತ್ತು, ಕ್ಯಾಂಟೀನಿಗೆ ಗೊತ್ತಿತ್ತು, ಚೆನ್ನೈಗೆ ಗೊತ್ತಿತ್ತು. ಈ ಮಾತ್ರೆ ಮೈಯಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ, ಅದು ಇಳಿಯಲಿ ಎಂದೇ ವಾರಕ್ಕೆ ಎರಡು ದಿನ ಬಿಡಲು ಹೇಳುವುದು, ಇವರ ಕಿಡ್ನಿಯೂ ಸೋತಿತ್ತು, ಹೀಗಾಗಿ ವಿಷವಾಗಿದೆ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಊಟ ಸೇರದಿರುವುದು, ವಾಕರಿಕೆ, ಆಮೇಲೆ ಕಣ್ಣಿಗೆ ಹಳದಿ ಕವಿಯುವುದು, ಎಲ್ಲ ಅದರದೇ ಗುರುತು ಎಂದರು. ಕಣ್ಣು ನೋಡಲು ಬೆಳ್ಳಗೇ ಇರುತ್ತದಂತೆ. ಬೇರೆ ಯಾವ ಕಾರ್ಖಾನೆಯಲ್ಲಿ ಒಬ್ಬ ಮನುಷ್ಯ ಎಲ್ಲಾ ಹಳದಿ ಕಾಣುತ್ತಿದೆ ಎಂದಿದ್ದರೂ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ನಮ್ಮಲ್ಲಿ ಹಳದಿ ಎನ್ನುವುದು ಸಪ್ಲೈಯರಿನ ಹೆಸರಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಅವರು ಹೋದರು. ಕೊನೆಗೆ ಎಚ್ಚರವಿತ್ತಂತೆ, ಬಳಿಯಲ್ಲಿದ್ದ ನರ್ಸಿನ ಬಿಳಿ ಉಡುಪು ನೋಡಿ ಮುಖ ತಿರುಗಿಸಿಕೊಂಡರಂತೆ.

ಕೆಂಪು ಚೀಟಿಗಳನ್ನು ನಾನೇ ಕಿತ್ತೆ. ಪರದೆಗಳೆಲ್ಲ ಲೈನಿಗೆ ಹೋದವು, ಸೆಟ್ಟುಗಳಾಗಿ ಹಡಗು ಹತ್ತಿದವು. ಒಂದರ ಮೇಲೂ ದೂರು ಬರಲಿಲ್ಲ. ನಾನು ಅವತ್ತು ಹೇಳಿದ್ದು ನಿಜವೇ ಆಗಿತ್ತು, ಆದರೆ ಅದರಿಂದ ಅವರಿಗೆ ಮೂರು ಕಾಸಿನ ಉಪಯೋಗವೂ ಆಗಲಿಲ್ಲ.

ಕಳೆದ ವಾರ ಹೋದಾಗ ಅಕ್ಕ ಅಡುಗೆಮನೆಯಲ್ಲೇ ಕೂರಿಸಿಕೊಂಡರು. ನೆಂಟರೆಲ್ಲ ಊಟ ಮುಗಿಸಿ ಹೊರಟಿದ್ದರು. ಕಾಫಿ ಮಾಡುತ್ತೇನೆ ಎಂದು ಎದ್ದವರು ಹಾಲಿನ ಮುಂದೆ ನಿಂತುಬಿಟ್ಟರು.

"ಮನೇಲೂ ಅಂತಿದ್ರು ಕಣವ್ವ" ಎಂದರು, ನನ್ನ ಕಡೆ ತಿರುಗದೆ. "ಹಾಲು ಹಳ್ದಿ ಐತೆ, ಹಾಲು ಹಳ್ದಿ ಐತೆ ಅಂತ. ದಿನಾ ಬೆಳಿಗ್ಗೆ ಇದೇ ರಾಗ. ಇವ್ರು ಕಾರ್ಖಾನೇಲಿ ಬಣ್ಣ ನೋಡೋರು, ಇವ್ರ್ ಕಣ್ಣಿಗ್ ತಪ್ಪತ್ತಾ ಅಂತ ನಾನೂ ಅಂದ್ಕೊಂಡೆ. ಏನೋ ಬೆರ್ಸ್ತಾವ್ನೆ ಅಂತ ಆ ಹಾಲ್ನೋನ್ನ ಬೀದೀಲಿ ನಿಲ್ಲಿಸ್ಕೊಂಡು ಬಾಯಿಗ್ ಬಂದಂಗೆ ಬೈದ್ಬುಟ್ಟೆ. ಅವ್ನ್ ಬುಟ್ಟು ಇನ್ನೊಬ್ರತ್ರ ಹಾಕ್ಸ್ಕೊಂಡೆ. ಅದೂ ಹಳ್ದಿ ಅಂದ್ರು."

ಸೆರಗಿನಿಂದ ಕಣ್ಣೊರೆಸಿಕೊಂಡರು. ಒಬ್ಬರೇ ಇರುವ ಮನೆಗೆ ಈಗ ಇಬ್ಬರು ಹಾಲು ಹಾಕುತ್ತಾರೆ, ಅಕ್ಕ ಮತ್ತೆ ಕರೆಸಿಕೊಂಡ ಹಳಬನೂ ಹೊಸಬನೂ. ಕಟ್ಟೆಯ ಮೇಲೆ ಎರಡು ಲೋಟ ಅಕ್ಕಪಕ್ಕ ಇದ್ದವು. ಅಕ್ಕ ಅವುಗಳನ್ನು ಕಿಟಕಿಯ ಬೆಳಕಿಗೆ ಸರಿಸಿ ನನ್ನನ್ನು ಹತ್ತಿರ ಕರೆದರು.

"ದಿನಾ ಇಟ್ಟು ನೋಡ್ತೀನಿ. ನೀನು ಅವ್ರತ್ರ ಕಲ್ತೋಳು, ನೀನ್ ಹೇಳವ್ವ. ಎಲ್ಡೂ ಬೆಳ್ಳಗೈತೆ ತಾನೆ?"

ನಾನು ಬಗ್ಗಿ, ಅವರು ಕಲಿಸಿದ ಹಾಗೆಯೇ, ಒಂದನ್ನು ಇನ್ನೊಂದರ ಜೊತೆಗಿಟ್ಟು ಬಹಳ ಹೊತ್ತು ನೋಡಿದೆ.

"ಬೆಳ್ಳಗವೆ ಅಕ್ಕ" ಎಂದೆ. "ಎಲ್ಡೂ ಬೆಳ್ಳಗವೆ."